ಬೆಳ್ಳಿಯ ಬಾಗಿಲು

“ಬಾಬಾ, ನಿಮ್ಮ ನಂತರ ನಿಮ್ಮ ಗೋರಿಗೆ ಏನು ಕಟ್ಟಿಸಲಿ?” ಎಂದು ಶಿಷ್ಯ ಜಿಲಾನಿ ಕೇಳಿದ. ಅವನ ಕೈಯಲ್ಲಿ ಅಮೃತಶಿಲೆಯ ಗುಮ್ಮಟದ ನಕ್ಷೆಯೇ ಸಿದ್ಧವಾಗಿತ್ತು.

ಬಾಬಾ ಒಣ ರೊಟ್ಟಿ ಮುರಿಯುತ್ತಿದ್ದರು. “ನಾನಿನ್ನೂ ಉಣ್ಣುತ್ತಿದ್ದೇನೆ, ನೀನಾಗಲೇ ಅಳತೆ ತೆಗೆದೆಯಾ?” ಎಂದು ನಕ್ಕು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸಂತರ ದರ್ಗಾ ಇತ್ತು. ಅದಕ್ಕೆ ಬಾಗಿಲಿರಲಿಲ್ಲ. ದುಃಖವು ಹೊತ್ತುಗೊತ್ತು ನೋಡಿ ಬರುವುದಿಲ್ಲ, ನನಗೆ ಬಾಗಿಲು ಬೇಡ ಎಂದು ಹೇಳಿಯೇ ಸಂತರು ಕಣ್ಣು ಮುಚ್ಚಿದ್ದರು. ಊರವರು ಅವರನ್ನು ಅಜ್ಜ ಎನ್ನುತ್ತಿದ್ದರು. ಯಾವ ಜಾತಿಯವರಾದರೂ ಯಾವ ಹೊತ್ತಿನಲ್ಲಾದರೂ ಬಂದು, ಕಾಯಿಲೆಯವರನ್ನು ಗೋರಿಯ ಪಕ್ಕ ಮಲಗಿಸಿ, ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಹೋಗುತ್ತಿದ್ದರು.

ಆ ಊರಿನ ಮೆಣಸಿನಕಾಯಿ ವ್ಯಾಪಾರಿಯೊಬ್ಬನಿಗೆ ಒಬ್ಬಳೇ ಮಗಳು. ಏಳು ವರ್ಷದ ಕೂಸು ಜ್ವರದಲ್ಲಿ ಬೇಯುತ್ತಿದ್ದಾಗ ಅವನು ಅದನ್ನು ತಂದು ಗೋರಿಯ ಪಕ್ಕ ಮಲಗಿಸಿದ. ಮೂರನೆಯ ದಿನ ಕೂಸು ಎದ್ದು ಕುಳಿತು ಓದಿಸಿದ ಸಕ್ಕರೆ ಬೇಡಿತು. ವ್ಯಾಪಾರಿಗೆ ಆಕಾಶಕ್ಕೆ ಮೂರೇ ಗೇಣು. ಹರಕೆ ಸಣ್ಣದಾದರೆ ತನ್ನ ಮಾನ ಹೋದೀತೆಂದು ಆ ವರ್ಷದ ಉರುಸಿಗೆ ಬೆಳ್ಳಿಯ ಬಾಗಿಲು ಹಾಕಿಸಿದ. ಅಜ್ಜನ ಮಾತು ಯಾರಿಗೂ ನೆನಪಿರಲಿಲ್ಲವೆಂದಲ್ಲ. ಬೆಳ್ಳಿಯ ಮುಂದೆ ಅದನ್ನು ಆಡುವ ಬಾಯಿ ಇರಲಿಲ್ಲ.

ಬೆಳ್ಳಿ ಬಂದ ಮೇಲೆ ಕಳ್ಳರ ಭಯ ಬಂತು. ಭಯದ ಹಿಂದೆಯೇ ಬೀಗವೂ ಬಂತು. ಬೀಗದ ಕೈ ದರ್ಗಾ ನೋಡಿಕೊಳ್ಳುವ ಮುಜಾವರನ ಜೇಬು ಸೇರಿತು.

ಮರುವರ್ಷ ಕೂಸು ಮತ್ತೆ ಹಾಸಿಗೆ ಹಿಡಿಯಿತು. ಈ ಸಲ ಪಟ್ಟಣದ ಡಾಕ್ಟರರೂ ಕೈಚೆಲ್ಲಿದರು. ತನ್ನನ್ನು ಅಜ್ಜನ ಪಕ್ಕ ಮಲಗಿಸೆಂದು ಅದು ಒಂದೇ ಸಮನೆ ಹಲುಬಿತು. ಸುಡು ಮಧ್ಯಾಹ್ನದಲ್ಲಿ ವ್ಯಾಪಾರಿ ಕೂಸನ್ನು ಎತ್ತಿಕೊಂಡು ಓಡಿದ. ಬಾಗಿಲಿಗೆ ಬೀಗ. ಮುಜಾವರ ಪಕ್ಕದೂರಿನ ಮದುವೆಗೆ ಹೋಗಿದ್ದ. ಹೂವಿನಂಗಡಿಯವನು ಸೈಕಲ್ ಹತ್ತಿ ಹೋಗಿ ವಿಷಯ ತಿಳಿಸಿದ. ಪಂಕ್ತಿಯಲ್ಲಿ ಆಗತಾನೇ ಬಿರಿಯಾನಿ ಬಡಿಸಿದ್ದರು. “ಉಂಡು ಬರ್ತೀನಿ ಅಂತ ಹೇಳು” ಎಂದ ಮುಜಾವರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ವ್ಯಾಪಾರಿ ಭುಜ ಕೊಟ್ಟು ಬಾಗಿಲಿಗೆ ಗುದ್ದಿದ. ತಾನೇ ಎದುರಿಗೆ ನಿಂತು ಗಟ್ಟಿಯಾಗಿ ಮಾಡಿಸಿದ ಬಾಗಿಲು, ಅಲುಗಲಿಲ್ಲ. ಕೂಸು ಬೆಳ್ಳಿಯ ಮೇಲೆ ಕೈಯಿಟ್ಟಿತು.

“ಅಪ್ಪಾ, ಅಜ್ಜ ಯಾಕ ಬಾಗಲಾ ಹಾಕ್ಕೊಂಡಾನ? ನನ್ನ ಮ್ಯಾಲ ಸಿಟ್ಟಾಗ್ಯಾನೇನು?”

ಬಾಗಿಲು ಹಾಕಿಸಿದ ವ್ಯಾಪಾರಿ ಮತ್ತೆ ಭುಜ ಕೊಟ್ಟು ಅದಕ್ಕೆ ಗುದ್ದಿದ. ಮುಜಾವರ ಬಾಯೊರೆಸಿಕೊಳ್ಳುತ್ತ ಬಂದು ಬೀಗ ತೆಗೆಯುವಷ್ಟರಲ್ಲಿ ಕೂಸಿನ ಕೈ ತಣ್ಣಗಾಗಿತ್ತು. ಅಜ್ಜ ತನ್ನ ಮೇಲೆ ಸಿಟ್ಟಾಗಿದ್ದಾನೆಂದೇ ತಿಳಿದು ಅದು ಹೋಯಿತು.

ಜಿಲಾನಿ ನಕ್ಷೆಯನ್ನು ಮಡಚಿದ. “ತಿಳಿಯಿತು ಬಾಬಾ. ಆ ವ್ಯಾಪಾರಿಯಂಥ ಮೂಢ ನಾನಾಗುವುದಿಲ್ಲ” ಎಂದ.

ಬಾಬಾ ಉಳಿದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ಆ ಮದುವೆಯ ಊಟದ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ, ಮಗಾ.”