ಕೆಂಚನೂ ನೆಲುವಿನ ಹೋಳಿಗೆಯೂ

"ನನ್ನ ಕೆಂಚನಂಥ ಸಭ್ಯ ನಾಯಿ ಭೂಮಂಡಲದಲ್ಲೇ ಇಲ್ಲ. ಕೊಟ್ಟರೆ ತಿನ್ನುತ್ತಾನೆ, ಕೊಡದಿದ್ದರೆ ಉಪವಾಸ ಇರುತ್ತಾನೆ."

ಕರೇಕಲ್ಲು ಕೋಟೆಯ ಪಾಳೆಯಗಾರ ಬೊಮ್ಮಣ್ಣನಾಯಕ ಈ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಸಭೆಯವರು ನಾಲ್ಕು ಸಲವೂ ತಲೆಯಾಡಿಸುತ್ತಿದ್ದರು. ಉಪವಾಸ ಇರುವ ನಾಯಿಗೆ ಅಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬಂತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೀಗಿರುವಾಗ ಅರಮನೆಯ ಅಡುಗೆಮನೆಯಲ್ಲಿ ಹೋಳಿಗೆ ಕಾಣೆಯಾಗತೊಡಗಿತು. ಇಲಿ ಬೆಕ್ಕುಗಳಿಗೆ ಸಿಗದಿರಲೆಂದು ಅಡುಗೆಯ ಸಾತವ್ವ ಹೋಳಿಗೆ ಬುಟ್ಟಿಯನ್ನು ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ಇಡುತ್ತಿದ್ದಳು. ಮೂರನೆಯ ದಿನ ನೋಡಿದರೆ ಬುಟ್ಟಿ ಖಾಲಿ. ಮೂಲೆಯಲ್ಲಿ ಇರಬೇಕಾದ ಮುಕ್ಕಾಲಿ ನೆಲುವಿನ ಕೆಳಗೆ ನಿಂತಿತ್ತು.

"ಮುಕ್ಕಾಲಿ ಹತ್ತಿ ಕದಿಯುವುದು ಮನುಷ್ಯರ ಕೆಲಸ. ಅಲ್ಲಿಗೆ ಹೋಗುವವಳು ನೀನೊಬ್ಬಳೇ," ಎಂದ ನಾಯಕ.

"ಬುದ್ಧೀ, ನಾನು ಕದಿಯೋದಾದ್ರೆ ಕಾವಲಿ ಮೇಲಿಂದಾನೇ ತಿಂತಿದ್ದೆ. ನೆಲುವಿಗೆ ಇಟ್ಟು ಮತ್ತೆ ಯಾಕೆ ಹತ್ತಲಿ? ಇದು ಕೆಂಚನ ಕೆಲಸ. ಮುಕ್ಕಾಲಿ ಕಾಲಿನ ಮ್ಯಾಲೆ ಹಲ್ಲಿನ ಗುರುತು ಐತೆ."

"ನಾಯಿ ಮುಕ್ಕಾಲಿ ಎಳೆದು ಹತ್ತಿತೇ? ನಾಳೆ ದೋಸೆಯನ್ನೂ ಹುಯ್ಯುತ್ತದೆ ಅನ್ನು. ನಾಳೆ ಸಂಜೆಯೊಳಗೆ ಕೋಟೆ ಬಿಟ್ಟು ನಡೆ."

ಸಾತವ್ವ ಇಪ್ಪತ್ತು ವರ್ಷ ಅಲ್ಲಿ ಒಲೆ ಊದಿದವಳು. ಕೋಟೆ ಬಿಡುವುದಕ್ಕಿಂತ ಕಳ್ಳಿ ಅನ್ನಿಸಿಕೊಂಡು ಬಿಡುವುದು ಅವಳಿಗೆ ಸಂಕಟವಾಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಸ್ಥಾನದಲ್ಲಿ ಹಂಪಣ್ಣ ಎಂಬ ಮಾತುಗಾರನಿದ್ದ. ನಾಯಕನಿಗೆ ನಿಜ ಹೇಳಿಯೂ ತಲೆ ಉಳಿಸಿಕೊಂಡಿದ್ದವನು ಅವನೊಬ್ಬನೇ. ಅವನು ಎದ್ದು ನಿಂತ.

"ಪ್ರಭು, ಸಾತವ್ವನ ಮಾತು ನಿಜವೆಂದು ತೋರಿಸುತ್ತೇನೆ."

"ತೋರಿಸದಿದ್ದರೆ?"

"ಅವಳ ಗಂಟುಮೂಟೆ ಹೊತ್ತುಕೊಂಡು ನಾನೂ ಅವಳ ಹಿಂದೆ ನಡೆಯುತ್ತೇನೆ. ಒಂದೇ ಬೇಡಿಕೆ. ಪರೀಕ್ಷೆಗೆ ಮೊದಲು ಕೆಂಚನಿಗೆ ಯಾರೂ ಏನೂ ಹಾಕಬಾರದು."

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ನಾಯಕ ಮಣೆ ಹಾಕಿಸಿಕೊಂಡು ಕೂತ. ನೆಲುವಿನಲ್ಲಿ ಬಿಸಿ ಹೋಳಿಗೆ, ಮೂಲೆಯಲ್ಲಿ ಮುಕ್ಕಾಲಿ. ಕೆಂಚನನ್ನು ಒಳಗೆ ಬಿಟ್ಟರು.

ಕೆಂಚ ನೆಲುವು ನೋಡಿತು, ನಾಯಕನ ಮುಖ ನೋಡಿತು. ಮತ್ತೆ ನೆಲುವು, ಮತ್ತೆ ಮುಖ. ಕುಂಯ್ ಎಂದಿತು. ಆಮೇಲೆ ಒಂದು ಕಾಲನ್ನು ನಾಯಕನ ಮಂಡಿಯ ಮೇಲಿಟ್ಟು, ಜಗತ್ತಿನ ದುಃಖವನ್ನೆಲ್ಲ ಕಣ್ಣಿಗೆ ತಂದುಕೊಂಡಿತು.

"ಪಾಪ, ಕೂಸು ನಿನ್ನೆಯಿಂದ ಏನೂ ತಿಂದಿಲ್ಲ," ಎನ್ನುತ್ತಾ ನಾಯಕ ಎದ್ದ. ತಾನೇ ಮುಕ್ಕಾಲಿ ಎಳೆದು, ಹತ್ತಿ, ಎರಡು ಹೋಳಿಗೆ ತೆಗೆದು ಕೆಂಚನ ಬಾಯಿಗಿಟ್ಟ. ಆಮೇಲೆ ಮುಕ್ಕಾಲಿಯ ಮೇಲಿಂದಲೇ ಗೆದ್ದ ದನಿಯಲ್ಲಿ ಹೇಳಿದ.

"ನೋಡಿದೆಯಾ? ಮುಕ್ಕಾಲಿ ಮೂಸಿಯೂ ನೋಡಲಿಲ್ಲ. ಗಂಟು ಹೊರು."

"ಹೊರುತ್ತೇನೆ ಪ್ರಭು. ಅದಕ್ಕೆ ಮೊದಲು ಮುಕ್ಕಾಲಿಯನ್ನು ಮೂಲೆಗಿಟ್ಟು, ಒಂದು ಗಳಿಗೆ ಎಲ್ಲರೂ ಆಚೆ ನಿಂತು ಬಾಗಿಲ ಸಂದಿಯಲ್ಲಿ ನೋಡೋಣ."

ನಾಯಕ ಗೊಣಗುತ್ತಲೇ ಆಚೆ ಬಂದು ಸಂದಿಗೆ ಕಣ್ಣಿಟ್ಟ.

ಕೆಂಚ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿತು. ಯಾರೂ ಬರಲಿಲ್ಲ. ಹೆಂಡತಿ ತವರಿಗೆ ಹೋದ ಮೇಲೆ ತಾನೇ ನೀರು ಸೇದಿಕೊಳ್ಳಬೇಕಾದ ಗಂಡಸಿನ ಹಾಗೆ ನಿಟ್ಟುಸಿರು ಬಿಟ್ಟಿತು. ಮೂಲೆಗೆ ಹೋಗಿ ಮುಕ್ಕಾಲಿಯ ಕಾಲು ಕಚ್ಚಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ನೆಲುವಿನ ಕೆಳಕ್ಕೆ ಎಳೆದು ತಂದಿತು. ಹತ್ತಿ, ಹಿಂಗಾಲ ಮೇಲೆ ನಿಂತು, ಬುಟ್ಟಿಗೆ ಮೂತಿ ಹಾಕಿತು.

ನಾಯಕ ಸಂದಿಯಿಂದ ಕಣ್ಣು ತೆಗೆದು ಸಾತವ್ವನ ಕಡೆ ತಿರುಗಿದ.

"ಸಾತವ್ವ, ತಪ್ಪು ನನ್ನದು. ಯಾರೂ ನಿನಗೆ ಇನ್ನೊಂದು ಮಾತು ಅನ್ನಬಾರದು," ಎಂದ. "ಆದರೆ ಹಂಪಣ್ಣ, ಇಷ್ಟು ಬುದ್ಧಿ ಇದ್ದ ಕೆಂಚ ನನ್ನೆದುರು ಯಾಕೆ ಸುಮ್ಮನೆ ಕೂತ?"

"ಸುಮ್ಮನೆ ಎಲ್ಲಿ ಕೂತ ಪ್ರಭು? ಮುಕ್ಕಾಲಿಯಾದರೆ ತಾನೇ ಎಳೆಯಬೇಕು, ತಾನೇ ಹತ್ತಬೇಕು. ತಮ್ಮನ್ನಾದರೆ ಬರೀ ನೋಡಿದರೆ ಸಾಕು, ಮುಕ್ಕಾಲಿಯನ್ನೂ ತಾವೇ ಎಳೆದು ತರುತ್ತೀರಿ. ಕೈಗೆ ಒಳ್ಳೆಯ ಸಾಧನ ಸಿಕ್ಕಿರುವಾಗ ಯಾವ ಜಾಣ ಮರದ್ದನ್ನು ಮುಟ್ಟುತ್ತಾನೆ?"

ನಾಯಕ ಒಂದು ಕ್ಷಣ ಹುಬ್ಬು ಗಂಟಿಕ್ಕಿ, ಆಮೇಲೆ ಗೋಡೆ ಹಿಡಿದುಕೊಂಡು ನಕ್ಕ. ಹಂಪಣ್ಣನಿಗೆ ಕೈಯ ಕಡಗ ತೆಗೆದು ಕೊಟ್ಟ, ಸಾತವ್ವನಿಗೆ ಇಳಕಲ್ ಸೀರೆ ತರಿಸಿದ.

"ಸಾತವ್ವ, ಇವತ್ತಿನಿಂದ ಆ ಮುಕ್ಕಾಲಿಯನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕು."

ಸಾತವ್ವ ಕಣ್ಣೊರೆಸಿಕೊಂಡಳು.

"ಮುಕ್ಕಾಲಿಗೇನೋ ಬೀಗ ಹಾಕ್ತೀನಿ ಬುದ್ಧೀ. ತಮ್ಮನ್ನ ಯಾವ ಕೋಣೇಲಿ ಇಡಲಿ?"