ಮುಳ್ಳುಹಂದಿಯ ಬಿಲದಲ್ಲಿದ್ದ ದೆವ್ವ

ಬಿದಿರು ಮೆಳೆಗಳು ತುಂಬಿದ ಒಂದು ಕಾಡಿನಲ್ಲಿ ಪ್ರಾಣಿಗಳ ಬಾಯಿಗೆ 'ದೆವ್ವ' ಎಂಬ ಮಾತು ಸುಲಭವಾಗಿ ಬರುತ್ತಿತ್ತು. ಗಾಳಿ ಜೋರಾದರೆ 'ದೆವ್ವದಂಥ ಗಾಳಿ' ಎನ್ನುತ್ತಿದ್ದವು. ಕಾಡೆಮ್ಮೆ ಗಬಗಬ ಮೇಯ್ದರೆ 'ದೆವ್ವದ ಹಾಗೆ ತಿನ್ನುತ್ತೆ' ಎಂದು ನಗುತ್ತಿದ್ದವು. ಮುಳ್ಳುಹಂದಿಯಂತೂ ತನ್ನ ತುಂಟ ಮರಿಯನ್ನು 'ಬಾರೋ ನನ್ನ ದೆವ್ವ' ಎಂದೇ ಮುದ್ದಿನಿಂದ ಕರೆಯುತ್ತಿತ್ತು. ಅದರಿಂದ ಯಾರಿಗೂ ಕೇಡಾಗಿರಲಿಲ್ಲ.

ಆ ಮುಳ್ಳುಹಂದಿಯ ಬೆಚ್ಚನೆಯ ಬಿಲದ ಮೇಲೆ ನರಿಗೆ ಕಣ್ಣಿತ್ತು.

ಒಂದು ದಿನ ಕೌಜುಗದ ಗೂಡಿನಿಂದ ಮೊಟ್ಟೆಗಳು ಕಾಣೆಯಾದವು. ಕೌಜುಗ ಅಳುತ್ತಾ ಎಲ್ಲರನ್ನೂ ಸೇರಿಸಿತು. ನರಿ ದನಿ ತಗ್ಗಿಸಿ, "ಇದು ದೆವ್ವದ ಕೆಲಸ. ನಮ್ಮಲ್ಲಿ ದೆವ್ವ ಯಾರು ಅಂತ ನಾನು ಹೇಳಬೇಕೆ? ಹೆತ್ತ ತಾಯಿಯೇ ದಿನಾ ಕೂಗಿ ಹೇಳ್ತಾಳಲ್ಲ!" ಎಂದಿತು.

ಎಲ್ಲರ ಕಣ್ಣೂ ಮರಿಯ ಕಡೆ ತಿರುಗಿತು.

"ಅಯ್ಯೋ, ಅದು ಮುದ್ದಿನ ಮಾತು! ನಾವು ಬೇರು, ಗೆಡ್ಡೆ ತಿನ್ನೋರು" ಎಂದು ತಾಯಿ ಗೋಗರೆಯಿತು. ಯಾರೂ ನಂಬಲಿಲ್ಲ. ನಿನ್ನೆಯವರೆಗೂ ಆ ಮರಿಯ ಜೊತೆ ತನ್ನ ಮಕ್ಕಳನ್ನು ಆಡಲು ಬಿಟ್ಟಿದ್ದ ಮೊಲ ಕೂಡ ಅವುಗಳನ್ನು ಹಿಂದಕ್ಕೆ ಎಳೆದುಕೊಂಡಿತು. ತಾಯಿ ಮರಿಯೊಂದಿಗೆ ಹೊಳೆ ದಾಟಿ ಹೋಯಿತು. "ದೆವ್ವ ತಿರುಗಿ ಬರದ ಹಾಗೆ ನಾನು ಕಾವಲಿರ್ತೀನಿ" ಎಂದು ನರಿ ಬಿಲ ಸೇರಿತು.

ಆದರೆ ಮೊಟ್ಟೆಗಳು ಕಾಣೆಯಾಗುವುದು ನಿಲ್ಲಲಿಲ್ಲ. ಈಗ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅನುಮಾನ. ಮೆಲ್ಲಗೆ ನಡೆದವರು ದೆವ್ವ, ಒಂಟಿಯಾಗಿ ಕೂತವರು ದೆವ್ವ. ಕೊನೆಗೆ ಮುದಿ ಕರಡಿ ನರಿಯನ್ನೇ ಕೇಳಿತು: "ದೆವ್ವ ಹೊಳೆಯಾಚೆ ಹೋಯಿತಲ್ಲ, ಮತ್ತೆ ಮೊಟ್ಟೆ ತಿನ್ನುತ್ತಿರೋದು ಯಾರು?"

ನರಿ ತಡವರಿಸಿತು. "ಮರಿ ಹೋದರೇನು? ದೆವ್ವ ಇನ್ನೂ ಬಿಲದಲ್ಲೇ ಇದೆ. ಅದು ಓಡಾಡೋ ಸದ್ದು ಕೇಳ್ತಾನೇ ಇರುತ್ತೆ."

"ಹಾಗಾದರೆ ಅಗೆದು ನೋಡೇಬಿಡೋಣ."

"ಬೇಡ, ಬೇಡ! ಮೈಮೇಲೆ ಬಂದೀತು!" ಎಂದು ನರಿ ಅಡ್ಡ ನಿಂತಿತು. ಕರಡಿ ಅದನ್ನು ಪಕ್ಕಕ್ಕೆ ತಳ್ಳಿ ಅಗೆಯತೊಡಗಿತು. ಬಿಲದ ಮೂಲೆಯಲ್ಲಿ ಮೊಟ್ಟೆಯ ಚಿಪ್ಪುಗಳ ರಾಶಿ! ಕೆಲವು ಇನ್ನೂ ಒದ್ದೆಯಾಗಿದ್ದವು.

ನರಿ ನೆಲಕ್ಕೆ ಬಿದ್ದು ಹೊರಳಾಡಿತು. "ತಪ್ಪು ನನ್ನದಲ್ಲ! ನನಗೆ ದೆವ್ವ ಹಿಡಿದಿತ್ತು!"

"ಹಾಗಾದರೆ ಅದನ್ನೂ ಕರೆದುಕೊಂಡು ಹೊರಡು" ಎಂದಿತು ಕರಡಿ. ಎಲ್ಲರೂ ಸೇರಿ ನರಿಯನ್ನು ಕಾಡಿನಿಂದಾಚೆಗೆ ಅಟ್ಟಿದರು.

ಕೌಜುಗ ತಾನೇ ಹೊಳೆ ದಾಟಿ ಹೋಗಿ ಮುಳ್ಳುಹಂದಿಯ ಕ್ಷಮೆ ಕೇಳಿತು. ತಾಯಿ, ಮರಿ ಹಿಂದಿರುಗಿದವು. ಆದರೆ ಮೊಲದ ಮಕ್ಕಳು ಎಷ್ಟು ಕರೆದರೂ ಆ ಮರಿ ಬಹಳ ದಿನ ಆಟಕ್ಕೆ ಹೋಗಲಿಲ್ಲ.

ನೀತಿ: ಆಡಿದ ಮಾತನ್ನು ತಿರುಚಿ ಬೇರೊಬ್ಬರಿಗೆ ಕೆಟ್ಟ ಹೆಸರು ತರುವವನನ್ನೇ ಮೊದಲು ಅನುಮಾನಿಸಬೇಕು.