ದೊರೆ ಹೂಂಗುಟ್ಟಿದ ಕತೆ

“ಈ ಗ್ರಂಥದಲ್ಲಿ ಒಂದೇ ಒಂದು ಸುಳ್ಳು ಹುಡುಕಿ ತೋರಿಸಿ, ನನ್ನ ಮೀಸೆ ಬೋಳಿಸುತ್ತೇನೆ!” ಎಂದು ಸುರಗಿದುರ್ಗದ ದೊರೆ ಬೊಮ್ಮನಾಯಕ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ.

ಗ್ರಂಥವೆಂದರೆ ಆಸ್ಥಾನ ಪಂಡಿತ ತಿರುಮಲಾರ್ಯರು ಬರೆದ ದೊರೆಯ ಆಳ್ವಿಕೆಯ ಚರಿತ್ರೆ. ಸುಳ್ಳು ಹುಡುಕುವುದೇನು ಕಷ್ಟವಿರಲಿಲ್ಲ, ಎಲ್ಲಿಂದ ಶುರು ಮಾಡುವುದು ಅನ್ನುವುದೇ ಕಷ್ಟ. ಆದರೆ ದೊರೆಯ ಮೀಸೆಗೆ ಕೈ ಹಾಕುವ ಗಂಡೆದೆ ಯಾರಿಗಿದೆ? ಎಲ್ಲರೂ ಭೇಷ್ ಭೇಷ್ ಎಂದರು. ದೊರೆಯ ಆಪ್ತ ಚೌಡರಸ ಮಾತ್ರ ಕೆಮ್ಮಿನ ನೆಪ ಮಾಡಿ ಬಾಯಿಗೆ ಶಲ್ಯ ಒತ್ತಿಕೊಂಡ.

“ಚೌಡರಸ,” ಎಂದ ದೊರೆ, “ಊರ ಜನ ಏನಂತಾರೋ ಕೇಳಬೇಕಲ್ಲ! ಇವತ್ತು ಸಂಜೆ ಊರ ಚಾವಡಿಯಲ್ಲಿ ಓದಿಸು. ನಾವಿಬ್ಬರೂ ಕಂಬಳಿ ಹೊದ್ದು ಹಿಂದೆ ಕೂರೋಣ.”

ಚೌಡರಸ ಪೇಚಿಗೆ ಸಿಕ್ಕಿದ. ಚಾವಡಿಯಲ್ಲಿ ದಿನಾ ಸಂಜೆ ಕತೆ ಬರೆದು ಓದುವವಳು ಲಕುಮವ್ವ. ಹುಡುಗನಾಗಿದ್ದಾಗ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದ ಮುದುಕಿ. ಈಚೆಗೆ ಅವಳ ಕತೆಯೊಳಗೆ ಒಬ್ಬ ರಾಜ ಬಂದು ಕೂತಿದ್ದ. ಹೆಸರಿಲ್ಲದ ರಾಜ. ಹೆಸರು ಬೇಕಾಗಿಯೂ ಇರಲಿಲ್ಲ ಅನ್ನಿ.

ಆ ಸೀಮೆಯಲ್ಲಿ ಒಂದು ರೂಢಿ. ಕತೆ ಓದಿದರೆ ಕೇಳುವವರು ಮಾತುಮಾತಿಗೂ ‘ಹೂಂ’ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ನಡೆದ ಸಂಗತಿ ಓದಿದರೆ ಮಾತ್ರ ಯಾರೂ ಹೂಂಗುಟ್ಟುವುದಿಲ್ಲ. ಅದಕ್ಕೆ ಪ್ರಶ್ನೆ ಹಾಕುತ್ತಾರೆ, ಜಗಳ ಆಡುತ್ತಾರೆ.

ಸಂಜೆ ಮೊದಲು ಪಂಡಿತರು ಚರಿತ್ರೆ ಬಿಚ್ಚಿದರು. “ಪ್ರಭುಗಳು ಒಂದೇ ಬಾಣಕ್ಕೆ ಮೂರು ಹುಲಿ ಕೆಡವಿದರು.”

“ಹೂಂ,” ಎಂದಿತು ಚಾವಡಿ.

“ಪ್ರಭುಗಳ ನಾಡಿನಲ್ಲಿ ಹಸಿದವರೇ ಇಲ್ಲ.”

“ಹೂಂ, ಆಮೇಲೆ?”

“ಪ್ರಜೆಗಳು ನಗುನಗುತ್ತಾ ಕಂದಾಯ ತಂದೊಪ್ಪಿಸುತ್ತಾರೆ.”

“ಹೂಂ ಹೂಂ! ಕತೆ ಬಲು ಸೊಗಸಾಗಿದೆ ಪಂಡಿತರೇ! ರಾಕ್ಷಸ ಯಾವಾಗ ಬರ್ತಾನೆ?” ಎಂದಳು ಮುಂದೆ ಕೂತಿದ್ದ ಒಬ್ಬ ಹೆಂಗಸು.

ಪಾಪ, ಪಂಡಿತರು ಗ್ರಂಥ ಮಡಚಿ ಕೂತರು. ಆಮೇಲೆ ಲಕುಮವ್ವನ ಸರದಿ.

“ಏಳು ಸಮುದ್ರದಾಚೆ ಒಬ್ಬ ರಾಜ ಇದ್ದ. ದೊಡ್ಡ ಕೆರೆ ಕಟ್ಟಿಸಿದ, ಏರಿಯ ಮೇಲೆ ತನ್ನದೇ ವಿಗ್ರಹ ನಿಲ್ಲಿಸಿದ. ಗದ್ದೆಗೆ ನೀರು ಬಿಡೋಕೆ ತೂಬು ಇಡಿಸೋದನ್ನೇ ಮರೆತ.”

ಒಂದೂ ಹೂಂ ಇಲ್ಲ! “ಮರೆತದ್ದಲ್ಲ ಅವ್ವ, ತೂಬಿನ ಕಲ್ಲನ್ನೇ ವಿಗ್ರಹಕ್ಕೆ ಹಾಕಿದ್ದು. ಗಾಡಿ ಹೊಡೆದವನು ನಾನೇ!” ಎಂದ ಒಬ್ಬ. “ನಮ್ಮ ಗದ್ದೆಗೆ ಇನ್ನೂ ತೊಟ್ಟು ನೀರು ಬಂದಿಲ್ಲ!” ಎಂದು ಎದ್ದು ನಿಂತ ಇನ್ನೊಬ್ಬ.

ಕಂಬಳಿಯೊಳಗೆ ದೊರೆ ಕುದಿದು, ಚೌಡರಸನ ಕಿವಿಯಲ್ಲಿ ಗುರುಗುಟ್ಟಿದ. “ನನ್ನ ಚರಿತ್ರೆ ಇವರಿಗೆ ಕತೆಯಂತೆ, ಆ ಮುದುಕಿಯ ಕತೆ ಇವರಿಗೆ ನಿಜವಂತೆ! ನಾಳೆಯೇ ಅವಳನ್ನು ಗಡಿಯಾಚೆ ಅಟ್ಟು!”

ಈ ವಯಸ್ಸಿನಲ್ಲಿ ಲಕುಮವ್ವ ಎಲ್ಲಿಗೆ ಹೋಗಬೇಕು? ಚೌಡರಸ ರಾತ್ರಿಯೆಲ್ಲ ಉಪಾಯ ಹುಡುಕಿದ.

ಮರುದಿನ ಲಕುಮವ್ವನನ್ನು ಸಭೆಗೆ ಕರೆತಂದಾಗ ಅವನೇ ಮುಂದೆ ಬಂದು ಕೈಮುಗಿದ. “ಪ್ರಭು, ಶಿಕ್ಷೆ ಆಗಲೇಬೇಕು. ಆದರೆ ತಪ್ಪು ಯಾವುದು?”

“ನನ್ನ ಮೇಲೆ ಸುಳ್ಳು ಬರೆದಿದ್ದಾಳೆ!”

“ಅವಳು ನಿಮ್ಮ ಹೆಸರೇ ಎತ್ತಿಲ್ಲವಲ್ಲ. ಬರೀ ಸುಳ್ಳಾದರೆ ಅದು ಕತೆ. ಕತೆ ಹೇಳಬಾರದು ಅಂತ ನಮ್ಮಲ್ಲಿ ಕಟ್ಟಳೆ ಇಲ್ಲ.”

“ಸುಳ್ಳೋ ನಿಜವೋ, ಅದು ನಾನೇ!”

“ಬಗೆಹರಿಸೋದು ಸುಲಭ. ಅವ್ವ ಇಲ್ಲೇ ಓದಲಿ, ಪ್ರಭುಗಳೇ ಕೇಳಲಿ. ಕತೆ ಅನ್ನಿಸಿದರೆ ಹೂಂ ಅನ್ನಿ. ‘ಇದು ನನ್ನದೇ ಸಂಗತಿ’ ಅನ್ನಿಸಿದರೆ ಸುಮ್ಮನಿರಿ. ಆ ಸಂಗತಿಯನ್ನು ಪ್ರಭುಗಳ ಹೆಸರು ಹಿಡಿದು ಊರೂರಿಗೆ ಡಂಗುರ ಸಾರಿಸಿ, ಅವಳನ್ನು ಅಟ್ಟಿಬಿಡೋಣ.”

“ಆಗಲಿ!” ಎಂದುಬಿಟ್ಟ ದೊರೆ. ಸಿಟ್ಟಿನಲ್ಲಿದ್ದ, ಹಿಂದೆಮುಂದೆ ನೋಡಲಿಲ್ಲ.

ಲಕುಮವ್ವ ಪುಸ್ತಕ ಬಿಚ್ಚಿ ಶುರು ಮಾಡಿದಳು. “ಆ ರಾಜ ಕೆರೆಗೆ ತೂಬು ಇಡಿಸೋದನ್ನೇ ಮರೆತ.”

ಇಡೀ ಸಭೆ ದೊರೆಯ ಬಾಯನ್ನೇ ನೋಡಿತು. ಬಾಗಿಲಲ್ಲಿ ಡಂಗುರದವನು ಕೋಲು ಎತ್ತಿ ಹಿಡಿದ. ದೊರೆ ಆ ಕೋಲನ್ನೊಮ್ಮೆ ನೋಡಿದ.

“...ಹೂಂ.”

“ವಿಗ್ರಹದ ಮೂಗು ಚಿಕ್ಕದಾಯಿತು ಅಂತ ಶಿಲ್ಪಿಗೆ ಕೂಲಿ ಕೊಡದೆ ಓಡಿಸಿದ.”

“ಹೂಂ!”

“ಬೇಟೆಗೆ ಹೋದಾಗ ಎಮ್ಮೆ ಕೂಗಿದ್ದಕ್ಕೆ ಹುಲಿ ಅಂತ ಹೆದರಿ ಮರ ಹತ್ತಿದ.”

“ಹೂಂ! ಹೂಂ! ಹೂಂ! ಸಾಕು ನಿಲ್ಲಿಸವ್ವ!”

“ಪ್ರಭುಗಳೇ ಹೂಂಗುಟ್ಟಿದ ಮೇಲೆ ಕತೆ ಕತೆಯೇ,” ಎಂದ ಚೌಡರಸ. “ಅವ್ವ, ನೀನು ನೆಮ್ಮದಿಯಾಗಿ ಮನೆಗೆ ಹೋಗು.”

ಮುದುಕಿಯ ಕಣ್ಣು ತುಂಬಿ ಬಂತು. ದೊರೆ ಇಂಗು ತಿಂದ ಮಂಗನ ಹಾಗೆ ಕೂತ. ಕೊನೆಗೆ, “ಚೆನ್ನಾಗಿ ಸಿಕ್ಕಿಸಿದೆ ಕಣಯ್ಯ! ಅಭಯ ಕೊಡುತ್ತೇನೆ, ಈಗ ನಿಜ ಹೇಳು. ಎರಡರಲ್ಲಿ ಯಾವುದು ಒಳ್ಳೆಯ ಪುಸ್ತಕ?” ಎಂದ.

“ಎರಡೂ ಒಳ್ಳೆಯವೇ ಪ್ರಭು. ಪಂಡಿತರ ಪುಸ್ತಕದ ರಾಜ ನಮಗೂ ಸಿಗಲಿ ಅಂತ ಜನ ದೇವರಿಗೆ ಹರಕೆ ಹೊರುತ್ತಾರೆ. ಅವ್ವನ ಪುಸ್ತಕದ ರಾಜನಿಗೆ ಕಂದಾಯ ಕಟ್ಟುತ್ತಾರೆ.”

ದೊರೆಯ ಹುಬ್ಬು ಗಂಟಾಯಿತು, ಮೀಸೆ ಅದುರಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕನೋ ನಕ್ಕ. ಕೈಯ ಕಡಗ ಕಳಚಿ ಚೌಡರಸನಿಗೆ ತೊಡಿಸಿದ. ಲಕುಮವ್ವನಿಗೆ ಶಾಲು ಹೊದಿಸಿ, ಮೆತ್ತಗೆ ಕೇಳಿದ. “ಅವ್ವ, ಮುಂದಿನ ಕತೆಯಲ್ಲಾದರೂ ಆ ರಾಜನ ಕೈಲಿ ಒಂದೆರಡು ಒಳ್ಳೆ ಕೆಲಸ ಮಾಡಿಸು.”

“ಅದಕ್ಕೇನಂತೆ ಸ್ವಾಮಿ,” ಎಂದಳು ಲಕುಮವ್ವ ಶಾಲು ಸರಿಮಾಡಿಕೊಳ್ಳುತ್ತಾ. “ಮೊದಲು ನೀವು ಮಾಡಿ. ನಾನು ನೋಡಿಕೊಂಡು ಬರೀತೀನಿ.”